ಹುಳಿ, ಒಗರು, ಹಳೇ ಪೀಪಾಯಿ: ತೊಂದೋನಿಯಾ ಕೆಂಪು ವೈನ್ ರುಚಿ ನೋಡುವ ಬಗೆ

ಸ್ಪೇನಿನ ವಿನ್ಯಾ ತೊಂದೋನಿಯಾ ರೆಸೆರ್ವಾ ಎಂಬ ಕೆಂಪು ವೈನಿನ ಬಾಟಲಿ ತೆರೆದು ಗ್ಲಾಸಿಗೆ ಬಗ್ಗಿಸಿದಾಗ ಮೊದಲ ಸಲ ಕುಡಿಯುವವರು ಕೇಳುವ ಪ್ರಶ್ನೆ ಬಹುಪಾಲು ಒಂದೇ: "ಇದು ಹಳಸಿಲ್ಲ ತಾನೆ?" ಕೇಳುವುದರಲ್ಲಿ ತಪ್ಪಿಲ್ಲ. ಕೆಂಪು ವೈನ್ ಅಂದರೆ ನೇರಳೆ ಹಣ್ಣಿನ ರಸದಂಥ ದಟ್ಟ ಬಣ್ಣ, ಮೂಗು ತುಂಬುವ ಹಣ್ಣಿನ ಪರಿಮಳ ಎಂದುಕೊಂಡವರ ಎದುರಿಗೆ ಅಂಚಿನಲ್ಲಿ ಇಟ್ಟಿಗೆ ಬಣ್ಣಕ್ಕೆ ತಿರುಗಿದ, ಗ್ಲಾಸಿನ ಕೆಳಗಿಟ್ಟ ಬೆರಳು ಕಾಣುವಷ್ಟು ತಿಳಿಯಾದ ವೈನ್ ಬಂದಿರುತ್ತದೆ. ಮೂಸಿದರೆ ಒಣ ಅಂಜೂರ, ಹಳೆಯ ಚರ್ಮದ ಚೀಲ, ಹೊಗೆಸೊಪ್ಪು, ಹಿಂದೆಲ್ಲೋ ಒಂಚೂರು ಕೊಬ್ಬರಿ. ಹಣ್ಣು ಹುಡುಕುತ್ತ ಕೂತರೆ ಈ ವೈನ್ ನಿರಾಸೆ ಮಾಡುತ್ತದೆ. ಇದರಲ್ಲಿ ನೋಡಬೇಕಾದದ್ದು ಹುಳಿ ಮತ್ತು ಒಗರು. ಆ ಎರಡನ್ನೂ ಬೇರೆಬೇರೆಯಾಗಿ ಗುರುತಿಸುವ ಅಭ್ಯಾಸ ಕನ್ನಡದ ನಾಲಿಗೆಗೆ ಅಡುಗೆಮನೆಯಲ್ಲೇ ಆಗಿರುತ್ತದೆ. ಅದನ್ನು ಗ್ಲಾಸಿನ ಕಡೆ ತಿರುಗಿಸಿಕೊಳ್ಳಬೇಕು, ಅಷ್ಟೆ.

ರೈಲು ನಿಲ್ದಾಣದ ಪಕ್ಕದ ಮನೆ

ಸ್ಪೇನಿನ ಉತ್ತರಕ್ಕೆ, ಎಬ್ರೊ ನದಿಯ ದಂಡೆಯಲ್ಲಿ ರಿಯೋಹಾ ಸೀಮೆ. ಅದರ ಪಶ್ಚಿಮ ಭಾಗದಲ್ಲಿ ಆರೊ ಎಂಬ ಸಣ್ಣ ಪಟ್ಟಣ. 1860ರ ದಶಕದಲ್ಲಿ ಬಿಲ್ಬಾವೊ ಬಂದರಿನಿಂದ ರೈಲು ಹಳಿ ಇಲ್ಲಿಗೆ ಬಂತು. ಹೆಚ್ಚುಕಡಿಮೆ ಅದೇ ಕಾಲಕ್ಕೆ ಫ್ರಾನ್ಸಿನ ದ್ರಾಕ್ಷಿ ತೋಟಗಳಿಗೆ ಫಿಲೋಕ್ಸೆರಾ ಎಂಬ ಬೇರು ತಿನ್ನುವ ಹೇನು ಬಿತ್ತು. ಅಲ್ಲಿನ ಬೊರ್ದೋ ಸೀಮೆಯ ವ್ಯಾಪಾರಿಗಳು ವೈನ್ ಹುಡುಕಿಕೊಂಡು ರೈಲು ಹತ್ತಿ ಆರೊಗೆ ಬಂದರು. ಬರುವಾಗ 225 ಲೀಟರಿನ ಓಕ್ ಪೀಪಾಯಿಯ ಪದ್ಧತಿಯನ್ನೂ ತಂದು ಊರಿಗೆಲ್ಲ ರೂಢಿ ಮಾಡಿಸಿದರು. ನಿಲ್ದಾಣದ ಸುತ್ತಲೇ ವೈನರಿಗಳು ಎದ್ದವು. 1877ರಲ್ಲಿ ರಾಫಾಯೆಲ್ ಲೋಪೆಸ್ ದೆ ಎರೆದಿಯಾ ಕಟ್ಟಲು ತೊಡಗಿದ ವೈನರಿ ಆ ಓಣಿಯ ಅತಿ ಹಳೆಯ ಮನೆಗಳಲ್ಲೊಂದು. ಹಿಂದೆಯೇ 1879ರಲ್ಲಿ ಕುನೆ, 1890ರಲ್ಲಿ ಲಾ ರಿಯೋಹಾ ಆಲ್ತಾ ಬಂದವು.

ಫ್ರೆಂಚರು ತಮ್ಮ ತೋಟಗಳನ್ನು ಮತ್ತೆ ಕಟ್ಟಿಕೊಂಡು ಹೊರಟುಹೋದರು. ಫಿಲೋಕ್ಸೆರಾ ಬೆಟ್ಟ ದಾಟಿ ರಿಯೋಹಾಕ್ಕೂ ಬಂತು. ಆಮೇಲೆ, 1913-14ರಲ್ಲಿ, ರಾಫಾಯೆಲ್ ಎಬ್ರೊ ನದಿ ಬಳಸಿಕೊಂಡು ಹರಿಯುವ ಒಂದು ತಿರುವಿನಲ್ಲಿ ನೂರು ಹೆಕ್ಟೇರಿಗೂ ಮಿಕ್ಕಿ ನೆಟ್ಟ ತೋಟವೇ ತೊಂದೋನಿಯಾ. ಇವತ್ತು ನಾಲ್ಕನೇ ತಲೆಮಾರಿನ ಮರಿಯಾ ಹೊಸೆ, ಮೆರ್ಸೆದೆಸ್ ಮತ್ತು ಹುಲಿಯೊ ಸೆಸರ್ ಮನೆತನದ ಕೆಲಸ ನೋಡಿಕೊಳ್ಳುತ್ತಾರೆ. ಹೊರಗಿನಿಂದ ದ್ರಾಕ್ಷಿ ಕೊಳ್ಳುವುದಿಲ್ಲ. ತಮ್ಮ ನಾಲ್ಕು ತೋಟಗಳದ್ದೇ, ಎಲ್ಲ ಸೇರಿ ಸುಮಾರು 170 ಹೆಕ್ಟೇರು. ಅಂಗಳದಲ್ಲಿ ಜಾಹಾ ಹದೀದ್ ವಿನ್ಯಾಸ ಮಾಡಿದ, ವೈನ್ ಹೂಜಿಯ ಆಕಾರದ ಒಂದು ಹೊಸ ಕಟ್ಟಡವಿದೆ, 2006ರದ್ದು. ಫೋಟೊ ತೆಗೆಯಲು ಚೆನ್ನಾಗಿದೆ. ವೈನಿನ ಗುಟ್ಟು ಇರುವುದು ಅಲ್ಲಲ್ಲ, ನೆಲದಡಿಯ ಸುರಂಗಗಳಲ್ಲಿ.

ಪೀಪಾಯಿಯೊಳಗೆ ಆಗುವುದೇನು

ಈ ಮನೆಯಲ್ಲಿ ಸುಮಾರು 12,900 ಓಕ್ ಪೀಪಾಯಿಗಳಿವೆ. ಒಂದಕ್ಕೆ 225 ಲೀಟರಿನಂತೆ ಹಿಡಿದರೆ ಇಪ್ಪತ್ತೊಂಬತ್ತು ಲಕ್ಷ ಲೀಟರು. ಮರ ಅಮೆರಿಕದ ಅಪಲಾಚಿಯನ್ ಬೆಟ್ಟಗಳ ಓಕ್. ಅದನ್ನು ತರಿಸಿ, ಬಯಲಲ್ಲಿ ಒಣಗಲು ಬಿಟ್ಟು, ತಮ್ಮದೇ ಬಡಗಿಶಾಲೆಯಲ್ಲಿ ಪೀಪಾಯಿ ಕಟ್ಟುತ್ತಾರೆ, ಹಳೆಯವನ್ನು ರಿಪೇರಿ ಮಾಡುತ್ತಾರೆ. ರಿಪೇರಿ ಅನ್ನುವ ಮಾತು ಇಲ್ಲಿ ಮುಖ್ಯ. ಹೊಸ ಪೀಪಾಯಿ ಮರದ ಪರಿಮಳವನ್ನು ವೈನಿಗೆ ಧಾರಾಳವಾಗಿ ಬಿಡುತ್ತದೆ. ಐದಾರು ಸಲ ತುಂಬಿ ಖಾಲಿ ಮಾಡಿದ ಮೇಲೆ ಬಿಡಲು ಅದರಲ್ಲಿ ಹೆಚ್ಚೇನೂ ಉಳಿದಿರುವುದಿಲ್ಲ. ಆಗ ಅದು ಬರೀ ಉಸಿರಾಡುವ ಪಾತ್ರೆ. ತೊಂದೋನಿಯಾಕ್ಕೆ ಬೇಕಾಗಿರುವುದು ಆ ಉಸಿರಾಟವೇ.

ಮರದ ಸಂದುಗಳಿಂದ ಎಳೆಎಳೆಯಾಗಿ ಆಮ್ಲಜನಕ ಒಳಗೆ ಹೋಗುತ್ತದೆ. ದ್ರಾಕ್ಷಿ ಸಿಪ್ಪೆಯಿಂದ ಬಂದ ಬಣ್ಣದ ಅಣುಗಳು ಮತ್ತು ಒಗರು ಕೊಡುವ ಟ್ಯಾನಿನ್ ಆ ಆಮ್ಲಜನಕದ ನೆರವಿನಿಂದ ಒಂದಕ್ಕೊಂದು ಕೊಂಡಿ ಹಾಕಿಕೊಂಡು ದೊಡ್ಡದಾಗುತ್ತವೆ. ತೀರ ದೊಡ್ಡದಾದವು ತಳಕ್ಕೆ ಇಳಿಯುತ್ತವೆ. ಹೀಗಾಗಿಯೇ ವರ್ಷ ಕಳೆದಂತೆ ಬಣ್ಣ ತಿಳಿಯಾಗುತ್ತದೆ, ನೇರಳೆಯಿಂದ ಮಾಣಿಕ್ಯಕ್ಕೆ, ಅಲ್ಲಿಂದ ಇಟ್ಟಿಗೆಗೆ ಬರುತ್ತದೆ. ಒಗರೂ ಮೆತ್ತಗಾಗುತ್ತದೆ. ಬಿಳಿ ವೈನ್ ವಯಸ್ಸಾದಂತೆ ಬಣ್ಣ ಏರುತ್ತದೆ, ಕೆಂಪು ವೈನ್ ಇಳಿಯುತ್ತದೆ.

ವರ್ಷಕ್ಕೆ ಎರಡು ಸಲ ತಿಳಿ ಬಸಿಯುತ್ತಾರೆ: ಪೀಪಾಯಿಯ ಕೆಳಭಾಗದ ತೂತಿನಿಂದ ವೈನನ್ನು ನಿಧಾನಕ್ಕೆ ಇನ್ನೊಂದು ಪೀಪಾಯಿಗೆ ಇಳಿಸಿ, ಗಷ್ಟು ಬರತೊಡಗಿದ ಕೂಡಲೇ ನಿಲ್ಲಿಸುವುದು. ಸಾರಿನ ತಿಳಿ ಬಗ್ಗಿಸುವ ಕೈಚಳಕವೇ. ಕಲಕಿತೇ ಇಲ್ಲವೇ ಎಂದು ನೋಡಲು ಗ್ಲಾಸನ್ನು ಮೇಣದಬತ್ತಿಯ ಬೆಳಕಿಗೆ ಹಿಡಿಯುತ್ತಾರೆ. ಮರದಿಂದ ಆವಿಯಾಗಿ ಹೋಗುವ ಪಾಲೂ ಇದೆ. ವರ್ಷಕ್ಕೆ ಶೇಕಡಾ ಮೂರು ಅಂತಿಟ್ಟುಕೊಂಡರೂ ಒಂದು ಪೀಪಾಯಿಗೆ ಆರು ವರ್ಷದಲ್ಲಿ ನಲವತ್ತು ಲೀಟರು, ಐವತ್ತಕ್ಕೂ ಹೆಚ್ಚು ಬಾಟಲಿ. ಆ ಜಾಗವನ್ನು ಬೇರೆ ವೈನಿನಿಂದ ತುಂಬುತ್ತಲೇ ಇರಬೇಕು. ಇಲ್ಲದಿದ್ದರೆ ಮೇಲೆ ಗಾಳಿ ನಿಂತು ವಿನೆಗರ್ ಮಾಡುವ ಬ್ಯಾಕ್ಟೀರಿಯಾ ಮನೆ ಮಾಡುತ್ತದೆ.

ಬಾಟಲಿಗೆ ತುಂಬುವ ಮುಂಚೆ ಮೊಟ್ಟೆಯ ಬಿಳಿಯಿಂದ ತಿಳಿಗೊಳಿಸುತ್ತಾರೆ. ಈ ಹಳೇ ಪದ್ಧತಿಯಲ್ಲಿ ಒಂದು ಪೀಪಾಯಿಗೆ ಸಾಮಾನ್ಯವಾಗಿ ಮೂರರಿಂದ ಆರು ಮೊಟ್ಟೆಯ ಬಿಳಿ ಬೇಕಾಗುತ್ತದೆ. ಕಪ್ಪು ಚಹಾಕ್ಕೆ ಹಾಲು ಬಿದ್ದೊಡನೆ ಒಗರು ತಗ್ಗುವುದು ಯಾಕೋ, ಇಲ್ಲೂ ಅದಕ್ಕೇ: ಪ್ರೋಟೀನು ಟ್ಯಾನಿನ್ನನ್ನು ಹಿಡಿದುಕೊಂಡು ತಳಕ್ಕೆ ಎಳೆಯುತ್ತದೆ. ಮೊಟ್ಟೆ ತಳದಲ್ಲೇ ಉಳಿಯುತ್ತದೆ, ವೈನ್ ಮೇಲಿನಿಂದ ಬರುತ್ತದೆ. ಆದರೂ ಮೊಟ್ಟೆ ಮುಟ್ಟದ ಮನೆಯವರಿಗೆ ಬಡಿಸುವಾಗ ಮೊದಲೇ ಹೇಳುವುದು ಒಳ್ಳೆಯದು.

ಬಾಟಲಿಗಳು ಮಲಗಿರುವ ನೆಲಮಾಳಿಗೆಯಲ್ಲಿ ಗೋಡೆ ತುಂಬ ಬೂಷ್ಟು, ಸೂರಿನಿಂದ ಇಳಿಬಿದ್ದ ಜೇಡರ ಬಲೆ. ಗುಡಿಸುವುದಿಲ್ಲ. ಕಾರ್ಕ್ ಕೊರೆಯುವ ಹುಳುವಿನ ಪತಂಗವನ್ನು ಜೇಡಗಳು ಹಿಡಿದು ತಿನ್ನುತ್ತವೆ. ಹಳೆಯ ವರ್ಷಗಳ ಬಾಟಲಿ ಇಟ್ಟಿರುವ ಮೂಲೆಗೆ ಅವರಿಟ್ಟ ಹೆಸರು ಸ್ಮಶಾನ.

ಲೇಬಲ್ಲಿನ ಲೆಕ್ಕ

ರಿಯೋಹಾದ ಕೆಂಪು ವೈನಿಗೆ ಕಾನೂನು ಮೂರು ಮೆಟ್ಟಿಲು ಇಟ್ಟಿದೆ. ಕ್ರಿಯಾಂಸಾ ಎಂದರೆ ಒಟ್ಟು ಎರಡು ವರ್ಷ, ಅದರಲ್ಲಿ ಒಂದು ವರ್ಷವಾದರೂ ಪೀಪಾಯಿಯಲ್ಲಿ. ರೆಸೆರ್ವಾ ಎಂದರೆ ಒಟ್ಟು ಮೂರು ವರ್ಷ, ಅದರಲ್ಲಿ ಪೀಪಾಯಿಯಲ್ಲಿ ಕನಿಷ್ಠ ಒಂದು ವರ್ಷ, ಬಾಟಲಿಯಲ್ಲಿ ಕನಿಷ್ಠ ಆರು ತಿಂಗಳು. ಗ್ರಾನ್ ರೆಸೆರ್ವಾ ಎಂದರೆ ಒಟ್ಟು ಐದು, ಪೀಪಾಯಿಯಲ್ಲಿ ಎರಡು, ಬಾಟಲಿಯಲ್ಲಿ ಎರಡು. ಬಾಟಲಿಯ ಹಿಂದೆ ಅಂಟಿಸಿದ ಅಧಿಕೃತ ಚೀಟಿಯ ಬಣ್ಣದಿಂದಲೂ ಮೆಟ್ಟಿಲು ತಿಳಿಯುತ್ತದೆ: ಕ್ರಿಯಾಂಸಾಗೆ ಕೆಂಪು, ರೆಸೆರ್ವಾಗೆ ಗಾಢ ಮರೂನ್, ಗ್ರಾನ್ ರೆಸೆರ್ವಾಗೆ ನೀಲಿ.

ಲೋಪೆಸ್ ದೆ ಎರೆದಿಯಾ ಈ ಲೆಕ್ಕವನ್ನು ಎಷ್ಟೋ ದಾಟಿ ಹೋಗುತ್ತದೆ. ಇವರ ಕ್ರಿಯಾಂಸಾ ಆದ ವಿನ್ಯಾ ಕುಬೀಯೊ ಮೂರು ವರ್ಷ ಪೀಪಾಯಿಯಲ್ಲಿರುತ್ತದೆ, ಅಂದರೆ ಬೇರೆಯವರ ಗ್ರಾನ್ ರೆಸೆರ್ವಾಗೆ ಕಾನೂನು ಕೇಳುವುದಕ್ಕಿಂತ ಒಂದು ವರ್ಷ ಹೆಚ್ಚು. ಬೊಸ್ಕೋನಿಯಾ ರೆಸೆರ್ವಾ ಐದು ವರ್ಷ. ತೊಂದೋನಿಯಾ ರೆಸೆರ್ವಾ ಆರು. ಗ್ರಾನ್ ರೆಸೆರ್ವಾ ಹತ್ತು ವರ್ಷ ಪೀಪಾಯಿಯಲ್ಲಿದ್ದು, ಮೇಲೆ ಬಾಟಲಿಯಲ್ಲೂ ಬಹಳ ಕಾಲ ಕಾಯುತ್ತದೆ. ಅದನ್ನು ಒಳ್ಳೆಯ ಸುಗ್ಗಿಯ ವರ್ಷಗಳಲ್ಲಿ ಮಾತ್ರ ಮಾಡುತ್ತಾರೆ. ರಿಯೋಹಾದಲ್ಲಿ ಅತ್ಯುತ್ತಮ ಎಂದು ಹೆಸರಾದ ವರ್ಷಗಳಲ್ಲಿ 1964, 1994, 2001, 2004 ಸೇರಿವೆ. ಹಾಗಾಗಿ ಅಂಗಡಿಯಲ್ಲಿ ಹತ್ತು ಹನ್ನೆರಡು ವರ್ಷ ಹಿಂದಿನ ಇಸವಿ ಇರುವ ತೊಂದೋನಿಯಾ ಕಂಡರೆ ಅದು ಮಾರಾಟವಾಗದೆ ಉಳಿದ ಸರಕು ಎಂದುಕೊಳ್ಳಬೇಡಿ. ಅದು ಹೊರಬರುವುದೇ ಆ ವಯಸ್ಸಿಗೆ.

ದ್ರಾಕ್ಷಿ ನಾಲ್ಕು ಬಗೆ. ಬೆನ್ನೆಲುಬು ತೆಂಪ್ರಾನೀಯೊ. ಬೇಗ ಹಣ್ಣಾಗುವುದರಿಂದ ಸ್ಪ್ಯಾನಿಷಿನಲ್ಲಿ ಆ ಹೆಸರು. ಗಾರ್ನಾಚಾ ಮೈ ಮತ್ತು ಮದ್ಯದ ಬಿಸುಪು ಕೊಡುತ್ತದೆ, ಆದರೆ ಗಾಳಿಗೆ ಬೇಗ ಸೋಲುತ್ತದೆ. ಗ್ರಾಸಿಯಾನೊ ಮತ್ತು ಮಾಸ್ವೆಲೊ ಸ್ವಲ್ಪವೇ ಬೀಳುತ್ತವೆ. ಕೆಲಸ ಮಾತ್ರ ದೊಡ್ಡದು, ಹುಳಿಯನ್ನು ಹಿಡಿದು ನಿಲ್ಲಿಸುವುದು ಇವೇ. ತೊಂದೋನಿಯಾ ರೆಸೆರ್ವಾದಲ್ಲಿ ತೆಂಪ್ರಾನೀಯೊ ಶೇ. 75, ಗಾರ್ನಾಚಾ ಶೇ. 15, ಉಳಿದ ಹತ್ತರಲ್ಲಿ ಕೊನೆಯ ಎರಡು. ಬೊಸ್ಕೋನಿಯಾದಲ್ಲಿ ತೆಂಪ್ರಾನೀಯೊ ಶೇ. 80. ಕುಬೀಯೊದಲ್ಲಿ ಗಾರ್ನಾಚಾ ಪಾಲು ಹೆಚ್ಚು, ಕಾಲುಭಾಗದಷ್ಟು.

ಮೊದಲು ನಾಲಿಗೆಯನ್ನು ತಯಾರು ಮಾಡಿ

ಇಂಗ್ಲಿಷಿನಲ್ಲಿ ವೈನ್ ಕಲಿಯುವವರು ಕಹಿ ಮತ್ತು ಒಗರನ್ನು ಒಂದೇ ಎಂದುಕೊಂಡು ತಿಂಗಳುಗಟ್ಟಲೆ ಒದ್ದಾಡುತ್ತಾರೆ. ಹಾಗಲಕಾಯಿ ಕಹಿ, ಹಸಿ ಬಾಳೆಕಾಯಿ ಒಗರು ಎಂದು ನಮ್ಮಲ್ಲಿ ಐದು ವರ್ಷದ ಮಗುವಿಗೂ ಗೊತ್ತು. ಒಗರು ನಿಜಕ್ಕೂ ರುಚಿಗಿಂತ ಸ್ಪರ್ಶ. ಟ್ಯಾನಿನ್ ಜೊಲ್ಲಿನ ಪ್ರೋಟೀನನ್ನು ಹಿಡಿದು ಗಂಟು ಕಟ್ಟುತ್ತದೆ, ಜಾರುವ ಪದರ ಹೋಗಿ ಕೆನ್ನೆಯ ಒಳಭಾಗ ನಾಲಿಗೆಗೆ ಒರಟಾಗಿ ತಾಗುತ್ತದೆ. ಒಗರಲ್ಲೂ ಜಾತಿಗಳಿವೆ. ಗೋಡಂಬಿ ಹಣ್ಣಿನದು ಗಂಟಲು ಹಿಡಿಯುತ್ತದೆ, ಅಡಿಕೆಯದು ಪುಡಿಪುಡಿಯಾಗಿ ಕೆನ್ನೆಗೆ ಅಂಟುತ್ತದೆ, ಚೆನ್ನಾಗಿ ಮಾಗಿದ ನೇರಳೆಯದು ಮಖಮಲ್ಲಿನ ಹಾಗೆ ಸವರಿಕೊಂಡು ಹೋಗುತ್ತದೆ. ಎಳೆಯ ಕೆಂಪು ವೈನ್ ಗೋಡಂಬಿ ಹಣ್ಣಿನ ಕಡೆ, ತೊಂದೋನಿಯಾ ನೇರಳೆಯ ಕಡೆ.

ಹುಳಿಯ ವಿಷಯದಲ್ಲಿ ಇನ್ನೂ ಅನುಕೂಲ. ವೈನಿನ ಮುಖ್ಯ ಆಮ್ಲ ಟಾರ್ಟಾರಿಕ್. ಹುಣಸೆಹಣ್ಣಿನಲ್ಲಿರುವುದೂ ಅದೇ. ಎಳೆ ದ್ರಾಕ್ಷಿಯ ಇನ್ನೊಂದು ಆಮ್ಲ ಮಾಲಿಕ್, ಹಸಿರು ಸೇಬಿನ ಚುರುಕು ಹುಳಿ. ಕೆಂಪು ವೈನಿನಲ್ಲಿ ಬ್ಯಾಕ್ಟೀರಿಯಾ ಅದನ್ನು ಲ್ಯಾಕ್ಟಿಕ್ ಆಮ್ಲವಾಗಿ ಬದಲಿಸುತ್ತದೆ, ಅದು ಮಜ್ಜಿಗೆಯ ಮೆದು ಹುಳಿ. ಮೂಗಿಗೆ ಹೊಡೆಯುವ ವಿನೆಗರ್ ಹುಳಿ ಬೇರೆಯೇ, ಅದು ಅಸಿಟಿಕ್. ಈ ನಾಲ್ಕನ್ನು ಬೇರ್ಪಡಿಸಲು ಬಂದರೆ ಅರ್ಧ ದಾರಿ ಸಾಗಿದ ಹಾಗೆ.

ರುಚಿ ನೋಡುವ ಹಿಂದಿನ ದಿನ ಇದೊಂದು ಮಾಡಿ. ಸುಮಾರು 10 ಗ್ರಾಂ ಹುಣಸೆಹಣ್ಣನ್ನು 200 ಮಿಲಿ ನೀರಿನಲ್ಲಿ ಕಿವುಚಿ ಬಟ್ಟೆಯಲ್ಲಿ ಸೋಸಿ. ಆ ನೀರಿನ ಹುಳಿ ವೈನಿನ ಹುಳಿಗೆ ಸರಿಸುಮಾರು ಹತ್ತಿರ, ಅಂದರೆ ಲೀಟರಿಗೆ ಐದಾರು ಗ್ರಾಂ ಆಮ್ಲ. ಇನ್ನೊಂದು ಲೋಟದಲ್ಲಿ ಒಂದು ಟೀ ಚಮಚ ಚಹಾಪುಡಿಯನ್ನು 150 ಮಿಲಿ ನೀರಿಗೆ ಹಾಕಿ ಎಂಟು ನಿಮಿಷ ಕುದಿಸಿ, ಹಾಲು ಸಕ್ಕರೆ ಇಲ್ಲದೆ ಆರಲು ಬಿಡಿ. ಮೊದಲು ಹುಣಸೆ ನೀರು ಒಂದು ಗುಟುಕು: ನುಂಗಿದ ಮೇಲೆ ದವಡೆಯ ಹಿಂದಿನಿಂದ ನೀರೂರುವುದನ್ನು ಗಮನಿಸಿ. ಬಾಯಿ ಮುಕ್ಕಳಿಸಿ. ಆಮೇಲೆ ಚಹಾ: ಮುಂಭಾಗದ ಒಸಡು, ಕೆನ್ನೆ ಒಣಗುತ್ತದೆ. ಒಂದು ನೀರೂರಿಸುವುದು, ಒಂದು ಒಣಗಿಸುವುದು. ಕೊನೆಗೆ ಎರಡನ್ನೂ ಸಮಸಮ ಬೆರೆಸಿ ಕುಡಿದು ನೋಡಿ. ರುಚಿ ಭೀಕರವಾಗಿರುತ್ತದೆ, ಆದರೆ ಹುಳಿ ಒಗರನ್ನು ಇನ್ನಷ್ಟು ಒರಟು ಮಾಡುತ್ತದೆ ಎಂಬುದು ತಟ್ಟನೆ ತಿಳಿಯುತ್ತದೆ. ಹುಳಿ ಹೆಚ್ಚಿರುವ ತೊಂದೋನಿಯಾ ಅಷ್ಟು ವರ್ಷ ಪೀಪಾಯಿಯಲ್ಲಿ ಕೂತು ಒಗರನ್ನು ಯಾಕೆ ಮೆತ್ತಗೆ ಮಾಡಿಕೊಳ್ಳಬೇಕಾಯಿತು ಎಂಬುದಕ್ಕೆ ಅದೇ ಉತ್ತರ.

ಪರಿಮಳಕ್ಕೂ ಒಂದು ಮಾತು. ನಮ್ಮಲ್ಲಿ ಬಹಳ ಜನರಿಗೆ ದ್ರಾಕ್ಷಿಯ ವಾಸನೆ ಎಂದರೆ ಬೆಂಗಳೂರು ನೀಲಿ ದ್ರಾಕ್ಷಿಯದು. ದೇವನಹಳ್ಳಿ, ಚಿಕ್ಕಬಳ್ಳಾಪುರದ ಕಡೆ ಬೆಳೆಯುವ, 2013ರಲ್ಲಿ ಭೌಗೋಳಿಕ ಗುರುತು ಪಡೆದ ಹಣ್ಣು ಅದು. ಅಗ್ಗದ ಸಿಹಿ ಪೋರ್ಟ್ ವೈನಿನಲ್ಲಿ ಸಿಗುವ ಘಾಟು ಪರಿಮಳವೂ ಅದೇ ಜಾತಿಯದು. ಆ ದ್ರಾಕ್ಷಿ ಅಮೆರಿಕದ ಕುಲದ್ದು. ತೆಂಪ್ರಾನೀಯೊ ಯುರೋಪಿನ ಕುಲದ್ದು, ಅದರಲ್ಲಿ ಆ ವಾಸನೆ ಇಲ್ಲವೇ ಇಲ್ಲ. ಅದನ್ನು ನಿರೀಕ್ಷಿಸಬೇಡಿ. ಬದಲಿಗೆ ಕೊಬ್ಬರಿ ಮತ್ತು ಸಬ್ಬಸಿಗೆ ಸೊಪ್ಪನ್ನು ನೆನಪಿಟ್ಟುಕೊಳ್ಳಿ. ಅಮೆರಿಕನ್ ಓಕ್ ಮರದಲ್ಲಿ ಲ್ಯಾಕ್ಟೋನ್ ಎಂಬ ಪದಾರ್ಥ ಫ್ರೆಂಚ್ ಓಕಿಗಿಂತ ಹೆಚ್ಚು. ಅದು ಕೊಡುವ ವಾಸನೆ ನಿಖರವಾಗಿ ಈ ಎರಡರದ್ದೇ. ಸಬ್ಬಸಿಗೆ ಹಾಕಿದ ಅಕ್ಕಿರೊಟ್ಟಿ ತಿಂದವರಿಗೆ ಇದನ್ನು ಹಿಡಿಯುವುದು ಕಷ್ಟವಲ್ಲ. ತೊಂದೋನಿಯಾದ ಪೀಪಾಯಿಗಳು ಹಳೆಯವಾದ್ದರಿಂದ ಇದು ಪಿಸುಮಾತಿನಷ್ಟಿರುತ್ತದೆ. ಹೊಸ ಪೀಪಾಯಿ ಬಳಸುವ ರಿಯೋಹಾಗಳಲ್ಲಿ ಕೂಗುತ್ತದೆ.

ಬಾಟಲಿ ತೆರೆಯುವ ಮುಂಚೆ

ಬಾಟಲಿಯನ್ನು ಒಂದು ದಿನ ಮುಂಚೆ ನೆಟ್ಟಗೆ ನಿಲ್ಲಿಸಿ. ಗ್ರಾನ್ ರೆಸೆರ್ವಾ ಆದರೆ ಎರಡು ದಿನ. ಮಲಗಿಸಿದ್ದಾಗ ಪಕ್ಕಕ್ಕೆ ಕೂತ ಗಷ್ಟು ತಳಕ್ಕೆ ಇಳಿಯಬೇಕು. ಕಾರ್ಕಿನ ಒಳಮೈಗೆ ಹರಳು ಅಂಟಿದ್ದರೆ ಹೆದರಬೇಡಿ, ಅದು ಟಾರ್ಟಾರಿಕ್ ಆಮ್ಲದ ಉಪ್ಪು, ಹಲ್ಲಿಗೆ ಸಿಕ್ಕರೆ ಹುಳಿಯಾಗಿರುತ್ತದೆ, ಅಷ್ಟೇ.

ಉಷ್ಣತೆ 16ರಿಂದ 18 ಡಿಗ್ರಿ. 'ಕೋಣೆಯ ಉಷ್ಣತೆಯಲ್ಲಿ ಕುಡಿಯಿರಿ' ಎಂಬ ಪುಸ್ತಕದ ಮಾತು ಯುರೋಪಿನ ಹಳೆಯ ಕಲ್ಲಿನ ಮನೆಗೆ ಹೇಳಿದ್ದು. 28 ಡಿಗ್ರಿಯ ಕೋಣೆಯಲ್ಲಿ ಮದ್ಯದ ಘಾಟು ಮೂಗಿಗೆ ಹೊಡೆದು ಉಳಿದದ್ದೆಲ್ಲ ಮುಚ್ಚಿಹೋಗುತ್ತದೆ. ಅಂಥ ಬಾಟಲಿಯನ್ನು ಫ್ರಿಜ್ಜಿನಲ್ಲಿ ಒಂದು ಗಂಟೆಯ ಆಸುಪಾಸು ಇಡಿ. ಅವಸರವಿದ್ದರೆ ಐಸ್ ಮತ್ತು ನೀರು ಅರ್ಧರ್ಧ ಇರುವ ಬಕೆಟ್ಟಿನಲ್ಲಿ ಹತ್ತು ಹನ್ನೆರಡು ನಿಮಿಷ ಸಾಕು. ಬರೀ ಐಸಿನಲ್ಲಿ ಗಾಳಿಯ ಸಂದು ಇರುವುದರಿಂದ ಬೇಗ ತಣಿಯುವುದಿಲ್ಲ. ತೀರ ತಣ್ಣಗಾದರೆ ಪರಿಮಳ ಏಳುವುದಿಲ್ಲ, ಒಗರು ಮಾತ್ರ ಎದ್ದು ಕಾಣುತ್ತದೆ. ಆಗ ಗ್ಲಾಸನ್ನು ಅಂಗೈಯಲ್ಲಿ ಐದು ನಿಮಿಷ ಹಿಡಿದುಕೊಂಡರೆ ಸರಿಹೋಗುತ್ತದೆ. ಬಿಸಿಯಾದದ್ದನ್ನು ಸರಿಮಾಡುವುದೇ ಕಷ್ಟ.

ಹಳೆಯ ಕಾರ್ಕ್ ಮೆತ್ತಗಾಗಿರುತ್ತದೆ. ತಿರುಪು ಹಾಕಿ ಎಳೆದರೆ ನಡುವೆಯೇ ಮುರಿಯಬಹುದು. ಎರಡು ತೆಳು ತಗಡಿನ ಕಾಲುಗಳಿರುವ ಎಳೆಗಾರ ಸಿಗುತ್ತದೆ. ಉದ್ದದ ಕಾಲನ್ನು ಮೊದಲು ಕಾರ್ಕ್ ಮತ್ತು ಗಾಜಿನ ನಡುವೆ ಇಳಿಸಿ, ಅತ್ತಿತ್ತ ಓಲಾಡಿಸುತ್ತ ಪೂರ್ತಿ ಒತ್ತಿ, ತಿರುಗಿಸುತ್ತ ಮೇಲೆಳೆಯಬೇಕು. ಮುರಿದೇ ಹೋದರೆ ಒಳಗೆ ತಳ್ಳಿ ತೆಳು ಬಟ್ಟೆಯಲ್ಲಿ ಸೋಸಿ. ಬಟ್ಟೆಯನ್ನು ಮೊದಲು ಬರೀ ಬಿಸಿನೀರಿನಲ್ಲಿ ಜಾಲಿಸಿ, ಸೋಪಿನ ವಾಸನೆ ಒಂದು ಬಾಟಲಿ ಕೆಡಿಸಲು ಸಾಕು. ಗ್ಲಾಸಿಗೂ ಇದೇ ಮಾತು.

ಬಗ್ಗಿಸುವಾಗ ಬಾಟಲಿಯ ಕತ್ತಿನ ಕೆಳಗೆ ಮೊಬೈಲಿನ ಟಾರ್ಚ್ ಇಟ್ಟುಕೊಳ್ಳಿ. ಕಪ್ಪು ಎಳೆಯೊಂದು ಭುಜ ದಾಟಿ ಕತ್ತಿನ ಕಡೆ ತೆವಳುವುದು ಕಂಡ ಕ್ಷಣ ನಿಲ್ಲಿಸಿ. ತಳದಲ್ಲಿ ಮೂವತ್ತು ನಲವತ್ತು ಮಿಲಿ ಉಳಿಯುತ್ತದೆ, ಉಳಿಯಲಿ. ನಡುವೆ ಬಾಟಲಿಯನ್ನು ನೆಟ್ಟಗೆ ಮಾಡಿ ಮತ್ತೆ ಬಗ್ಗಿಸಿದರೆ ಇಷ್ಟೂ ಶ್ರಮ ನೀರುಪಾಲು.

ಕೋಣೆಯಲ್ಲಿ ಊದುಬತ್ತಿ, ಸಾಂಬ್ರಾಣಿ, ಮುಡಿದ ಮಲ್ಲಿಗೆ, ಆಗತಾನೇ ಹಾಕಿದ ಒಗ್ಗರಣೆ, ಇವು ಯಾವುವೂ ಇರಬಾರದು. ಎಲೆ ಅಡಿಕೆ ಹಾಕಿದ ಬಾಯಿಗೆ ಆ ದಿನ ಒಗರು ಸರಿಯಾಗಿ ತಿಳಿಯುವುದಿಲ್ಲ. ಫಿಲ್ಟರ್ ಕಾಫಿ ಕುಡಿದು ಅರ್ಧ ಗಂಟೆಯಾದರೂ ಆಗಿರಲಿ.

ಮೂರು ಗ್ಲಾಸು

ಕುಬೀಯೊ, ಬೊಸ್ಕೋನಿಯಾ, ತೊಂದೋನಿಯಾ, ಈ ಕ್ರಮದಲ್ಲಿ. ಗ್ರಾನ್ ರೆಸೆರ್ವಾ ಇದ್ದರೆ ಕೊನೆಗೆ. ಒಂದಕ್ಕೆ 50 ಮಿಲಿ ಸಾಕು. ಆ ಲೆಕ್ಕದಲ್ಲಿ ಒಂದು ಬಾಟಲಿ ಹದಿನಾಲ್ಕು ಜನಕ್ಕೆ ಬರುತ್ತದೆ. ಮೂರೂ ಗ್ಲಾಸು ಪಕ್ಕಪಕ್ಕದಲ್ಲಿ ಒಟ್ಟಿಗೇ ಇರಬೇಕು. ಒಂದು ಮುಗಿಸಿ ಇನ್ನೊಂದಕ್ಕೆ ಹೋದರೆ ಹೋಲಿಕೆ ನೆನಪಿನ ಮೇಲೆ ನಿಲ್ಲುತ್ತದೆ, ವಾಸನೆಯ ನೆನಪು ಬಹಳ ಬೇಗ ಕೈಕೊಡುತ್ತದೆ. ಈ ಮನೆಯ ಬಾಟಲಿ ಸಿಗದಿದ್ದರೆ ಬೇರೆ ಯಾವುದೇ ಒಂದು ರಿಯೋಹಾ ವೈನರಿಯ ಮೂರು ಮೆಟ್ಟಿಲುಗಳನ್ನು ಹೀಗೇ ಸಾಲಾಗಿ ಇಟ್ಟರೂ ಪಾಠ ಆಗುತ್ತದೆ.

ಮೊದಲು ಕಣ್ಣು. ಬಿಳಿ ಕಾಗದದ ಮೇಲೆ ಗ್ಲಾಸನ್ನು 45 ಡಿಗ್ರಿ ಓರೆ ಮಾಡಿ ಅಂಚು ನೋಡಿ, ನಡುವನ್ನಲ್ಲ. ಕುಬೀಯೊದ ಅಂಚು ದಾಳಿಂಬೆಯಿಂದ ಸ್ವಲ್ಪ ಕಿತ್ತಳೆಗೆ ಹೊರಳಿರುತ್ತದೆ. ತೊಂದೋನಿಯಾದಲ್ಲಿ ಆ ಕಿತ್ತಳೆ ಅಂಚು ಅಗಲವಾಗಿ, ಹೆಂಚಿನ ಬಣ್ಣಕ್ಕೆ ಬಂದಿರುತ್ತದೆ. ಬಣ್ಣ ತಿಳಿಯಾಗಿರಬಹುದು, ಆದರೆ ಮಂಕಾಗಿರಬಾರದು. ಬೆಳಕಿಗೆ ಹಿಡಿದರೆ ಹೊಳೆಯಬೇಕು.

ಮೂಗಿಗೆ ಮೊದಲ ಸಲ ಗ್ಲಾಸು ಅಲ್ಲಾಡಿಸದೆ ಹಿಡಿಯಿರಿ. ದೀರ್ಘವಾಗಿ ಎಳೆಯಬೇಡಿ, ಎರಡು ಮೂರು ಚಿಕ್ಕ ಉಸಿರು. ಆಮೇಲೆ ತಿರುಗಿಸಿ ಮತ್ತೊಮ್ಮೆ. ಮೂಗು ಒಂದೇ ವಾಸನೆಗೆ ಅರ್ಧ ನಿಮಿಷದೊಳಗೆ ಒಗ್ಗಿಹೋಗುತ್ತದೆ. ಹಾಗಾದಾಗ ಕಾಫಿಬೀಜ ಮೂಸುವ ಬದಲು ನಿಮ್ಮದೇ ಮುಂಗೈ ಮೂಸಿ, ಮತ್ತೆ ಗ್ಲಾಸಿಗೆ ಬನ್ನಿ. ಕುಬೀಯೊದಲ್ಲಿ ಹಣ್ಣು ಇನ್ನೂ ಇರುತ್ತದೆ: ಚೆರ್ರಿ, ದಾಳಿಂಬೆಯ ಸಿಪ್ಪೆ. ಬೊಸ್ಕೋನಿಯಾದಲ್ಲಿ ಅದು ಒಣಹಣ್ಣಾಗಿ, ಮೇಲೆ ಸ್ವಲ್ಪ ಮಣ್ಣು ಮತ್ತು ಮಸಾಲೆ ಡಬ್ಬಿ ತೆರೆದ ಹಾಗೆ. ತೊಂದೋನಿಯಾದಲ್ಲಿ ಚರ್ಮ, ಹೊಗೆಸೊಪ್ಪು, ಕಿತ್ತಳೆ ಸಿಪ್ಪೆ, ಒಣಗಿದ ಗುಲಾಬಿ ದಳ. ಇದನ್ನೆಲ್ಲ ಪಟ್ಟಿ ಓದಿ ಹುಡುಕಬೇಡಿ. ನಿಮಗೆ ಹುಣಸೆ ತೊಕ್ಕು ನೆನಪಾದರೆ ಹುಣಸೆ ತೊಕ್ಕು ಎಂದೇ ಬರೆದುಕೊಳ್ಳಿ.

ಬಾಯಿಗೆ ಎರಡು ಮೂರು ಟೀ ಚಮಚದಷ್ಟು. ಎಂಟು ಹತ್ತು ಸೆಕೆಂಡು ಕೆನ್ನೆ, ಒಸಡಿಗೆಲ್ಲ ತಾಗುವಂತೆ ಆಡಿಸಿ, ತುಟಿ ಸಂದಿಯಿಂದ ಸ್ವಲ್ಪ ಗಾಳಿ ಎಳೆದುಕೊಳ್ಳಿ, ಉಗುಳಿ. ಉಗುಳುವುದು ಅಸಭ್ಯತೆಯಲ್ಲ. ಶೇಕಡಾ 13ರ ಆಸುಪಾಸಿನ ಮದ್ಯ ಮೂರನೇ ಗ್ಲಾಸಿಗೆ ಬರುವಷ್ಟರಲ್ಲಿ ತೀರ್ಪನ್ನು ಮೃದು ಮಾಡಿರುತ್ತದೆ. ಉಗುಳಿದ ಮೇಲೆ ಬಾಯಿ ಸ್ವಲ್ಪ ತೆರೆದು ತಲೆ ಬಗ್ಗಿಸಿ. ನೀರು ಎಷ್ಟು ಬೇಗ, ಎಷ್ಟು ಊರುತ್ತದೋ ಅದು ಹುಳಿಯ ಅಳತೆ. ನಾಲಿಗೆಯಿಂದ ಮೇಲಿನ ಒಸಡು ಸವರಿದರೆ ಒಗರಿನ ಅಳತೆ. ಬೊಸ್ಕೋನಿಯಾ ಬಾಯಿ ತುಂಬಿಕೊಳ್ಳುತ್ತದೆ, ಮೈ ಇರುವ ವೈನ್. ಬಾಟಲಿಯೂ ಫ್ರಾನ್ಸಿನ ಬುರ್ಗುಂಡಿ ಸೀಮೆಯ ಇಳಿಭುಜದ್ದು, ಹಿಂದೆ ಅದಕ್ಕಿದ್ದ ಹೆಸರಲ್ಲೇ ಬುರ್ಗುಂಡಿ ಇತ್ತು. ತೊಂದೋನಿಯಾ ತೆಳ್ಳಗೆ, ನೆಟ್ಟಗೆ, ಉದ್ದಕ್ಕೆ ಹೋಗುತ್ತದೆ. ಗಡಿಯಾರ ನೋಡಿ ಎಣಿಸಿ: ಉಗುಳಿದ ಮೇಲೆ ರುಚಿ ಎಷ್ಟು ಸೆಕೆಂಡು ನಿಂತಿತು? ಮೂರರಲ್ಲಿ ಬೆಲೆಯ ವ್ಯತ್ಯಾಸಕ್ಕೆ ಏನಾದರೂ ಸಮರ್ಥನೆ ಇದ್ದರೆ ಅದು ಇಲ್ಲೇ.

ನಡುನಡುವೆ ನೀರು, ಉಪ್ಪಿಲ್ಲದ ಬ್ರೆಡ್ಡು. ಖಾರ ಬೇಡ, ಮದ್ಯ ಮೆಣಸಿನಕಾಯಿಯ ಉರಿಯನ್ನು ಏರಿಸುತ್ತದೆ. ಊಟಕ್ಕೆ ಕೂತಾಗ ಬೇರೆ ಮಾತು. ಆರೊದ ಕಡೆ ದ್ರಾಕ್ಷಿ ಬಳ್ಳಿಯ ಒಣಕಡ್ಡಿ ಉರಿಸಿದ ಕೆಂಡದ ಮೇಲೆ ಕುರಿಮರಿಯ ಪಕ್ಕೆಲುಬು ಸುಟ್ಟು ಇದರ ಜೊತೆ ತಿನ್ನುತ್ತಾರೆ. ಮಾಂಸದ ಕೊಬ್ಬನ್ನು ಕತ್ತರಿಸಲು ಈ ಹುಳಿ ಸರಿಯಾಗಿ ಒದಗುತ್ತದೆ.

ನಿಜವಾಗಿ ಕೆಟ್ಟಿದ್ದರೆ

ಮೊದಲ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ಬಣ್ಣ ನೋಡಿ ತೀರ್ಪು ಕೊಡಬೇಡಿ, ನೀರೂರುತ್ತದೆಯೇ ಎಂದು ನೋಡಿ. ಕಂದು ಬಣ್ಣ, ಜೊತೆಗೆ ಕೊಯ್ದಿಟ್ಟ ಸೇಬಿನ ವಾಸನೆ, ಬಾಯಲ್ಲಿ ಸಪ್ಪೆ, ಐದು ಸೆಕೆಂಡಿಗೆ ರುಚಿ ಮಾಯ: ಇದು ಗಾಳಿಗೆ ಸತ್ತ ವೈನ್. ಕಂದು ಬಣ್ಣವಿದ್ದೂ ಹುಳಿ ಚುರುಕಾಗಿ, ರುಚಿ ನಿಂತಿದ್ದರೆ ಅದು ಮಾಗಿದ್ದು.

ಕಾರ್ಕಿನ ದೋಷ ಹೆಚ್ಚು ಮೋಸಗಾರ. ಟಿಸಿಎ ಎಂಬ ಪದಾರ್ಥ ಲೀಟರಿಗೆ ಕೆಲವೇ ನ್ಯಾನೊಗ್ರಾಂ ಇದ್ದರೂ ಸಾಕು, ಮಳೆಗಾಲದಲ್ಲಿ ನೆನೆದು ಮೂಲೆಯಲ್ಲಿ ಬಿದ್ದ ರಟ್ಟಿನ ಡಬ್ಬಿಯ ವಾಸನೆ ಬರುತ್ತದೆ. ಸ್ವಲ್ಪವೇ ಇದ್ದರೆ ವಾಸನೆಯೂ ಬರುವುದಿಲ್ಲ, ವೈನಿನ ಪರಿಮಳ ಸುಮ್ಮನೆ ಸತ್ತಿರುತ್ತದೆ. ಹಳೆ ವೈನಿನ ಅಣಬೆ, ಒದ್ದೆ ತರಗೆಲೆ ವಾಸನೆಯ ಜೊತೆ ಇದನ್ನು ಗೊಂದಲ ಮಾಡಿಕೊಳ್ಳುವುದು ಸುಲಭ. ಬೇರ್ಪಡಿಸುವ ದಾರಿ ಕಾಯುವುದು: ಗ್ಲಾಸಿನಲ್ಲಿ ಇಪ್ಪತ್ತು ನಿಮಿಷ ಬಿಟ್ಟರೆ ತರಗೆಲೆಯ ಹಿಂದಿನಿಂದ ಹಣ್ಣು, ಚರ್ಮ ಎದ್ದು ಬರುತ್ತವೆ. ರಟ್ಟಿನ ವಾಸನೆ ಹೋಗುವುದಿಲ್ಲ, ಇನ್ನೂ ಎದ್ದು ಕಾಣುತ್ತದೆ. ಅಂಥ ಬಾಟಲಿಯನ್ನು ಅಂಗಡಿಗೆ ಹಿಂತಿರುಗಿಸಬಹುದು. ಖಾಲಿ ಮಾಡಿ ಒಯ್ಯಬೇಡಿ.

ಉಗುರು ಬಣ್ಣ ತೆಗೆಯುವ ದ್ರವದ ವಾಸನೆ ಎಳೆಯಷ್ಟು ಬಂದರೆ ಇಷ್ಟು ವರ್ಷ ಮರದಲ್ಲಿದ್ದ ವೈನಿಗೆ ಸಹಜ, ಪರಿಮಳವನ್ನು ಮೇಲೆತ್ತುತ್ತದೆ ಕೂಡ. ಗಂಟಲಲ್ಲಿ ವಿನೆಗರ್ ಉರಿ ಸೇರಿದರೆ ದೋಷ. ಕುದುರೆ ಲಾಯ, ಬ್ಯಾಂಡೇಜು ಪಟ್ಟಿಯ ವಾಸನೆ ಬ್ರೆಟ್ ಎಂಬ ಯೀಸ್ಟಿನದು. ಕೆಲವರಿಗೆ ಅದೇ ಇಷ್ಟ, ಆ ಜಗಳಕ್ಕೆ ಕೊನೆಯಿಲ್ಲ.

ನಮ್ಮ ಕಡೆ ಎಲ್ಲಕ್ಕಿಂತ ಸಾಮಾನ್ಯವಾದದ್ದು ಬಿಸಿಲಿನ ಪೆಟ್ಟು. ಕಾರಿನ ಡಿಕ್ಕಿಯಲ್ಲಿ ಒಂದು ಮಧ್ಯಾಹ್ನ, ಗೋದಾಮಿನಲ್ಲಿ ಒಂದು ಬೇಸಗೆ. ಕಾರ್ಕ್ ಬಾಟಲಿಯ ಬಾಯಿಂದ ಉಬ್ಬಿ ಮೇಲೆ ಬಂದಿದೆಯೇ, ಹೊದಿಕೆಯ ಕೆಳಗೆ ಅಂಟಂಟು ಕಲೆ ಇದೆಯೇ ಎಂದು ಕೊಳ್ಳುವಾಗಲೇ ನೋಡಿ. ಬೆಂದ ವೈನಿನ ವಾಸನೆ ಬೆಲ್ಲದ ಪಾಕದ್ದು, ಹುಳಿ ಮತ್ತು ಹಣ್ಣು ಬೇರೆಬೇರೆಯಾಗಿ ಬಿದ್ದಿರುತ್ತವೆ. ಮನೆಯಲ್ಲಿ ವೈನ್ ಇಡಲು ಅತಿ ಕೆಟ್ಟ ಜಾಗ ಫ್ರಿಜ್ಜಿನ ನೆತ್ತಿ: ಬಿಸಿಯೂ ಹೌದು, ನಡುಕವೂ ಹೌದು.

ಮರುದಿನ

ಬಾಟಲಿಯಲ್ಲಿ ಮೂರನೇ ಒಂದು ಭಾಗವನ್ನು ಬೇಕೆಂದೇ ಉಳಿಸಿ. ಕಾರ್ಕ್ ಹಾಕಿ ಫ್ರಿಜ್ಜಿನಲ್ಲಿ ನೆಟ್ಟಗೆ ನಿಲ್ಲಿಸಿ, ಮರುದಿನ ಹೊರಗೆ ತೆಗೆದು ಮುಕ್ಕಾಲು ಗಂಟೆ ಬಿಟ್ಟು ಮತ್ತೆ ಮೂರನ್ನೂ ಸಾಲಾಗಿ ನೋಡಿ. ಹಣ್ಣಿನ ಪರಿಮಳವನ್ನೇ ನಂಬಿದ ಅಗ್ಗದ ಎಳೆ ವೈನ್ ಒಂದನ್ನೂ ಹೋಲಿಕೆಗೆ ಪಕ್ಕದಲ್ಲಿಟ್ಟರೆ ಇನ್ನೂ ಒಳ್ಳೆಯದು. ಎಳೆಯದು ಆ ಹೊತ್ತಿಗೆ ಸೊರಗಿರುತ್ತದೆ, ಕುಬೀಯೊ ಒಂಚೂರು ಇಳಿದಿರಬಹುದು. ತೊಂದೋನಿಯಾ ಸಾಮಾನ್ಯವಾಗಿ ನಿನ್ನೆ ಇದ್ದ ಹಾಗೇ ಇರುತ್ತದೆ, ಎಷ್ಟೋ ಸಲ ಪರಿಮಳ ಇನ್ನಷ್ಟು ಬಿಚ್ಚಿರುತ್ತದೆ. ಆರು ವರ್ಷ ಪೀಪಾಯಿಯಲ್ಲಿ, ಹನ್ನೆರಡು ಸಲ ತಿಳಿ ಬಸಿಯುವಾಗ ಗಾಳಿ ಕಂಡ ವೈನಿಗೆ ಫ್ರಿಜ್ಜಿನೊಳಗಿನ ಒಂದು ರಾತ್ರಿ ಹೊಸದೇನಲ್ಲ.